ಮಸಿ ಪಟ್ಟಿಯ ಸಾಹೇಬರು

ಕರ್ಪೂರದ ವಾಸನೆ ಬಂದರೆ ಎಲ್ಲರಿಗೂ ಗುಡಿ ನೆನಪಾಗುತ್ತದೆ. ನನಗೆ ಇಳಕಲ್ಲಿನ ದವಾಖಾನೆಯ ಹಿಂದಿನ ಕೋಣೆ ನೆನಪಾಗುತ್ತದೆ. ಅಲ್ಲಿ ಕಿಟಕಿ ಮುಚ್ಚಿಕೊಂಡು, ಹಿತ್ತಾಳೆ ತಟ್ಟೆಯಲ್ಲಿ ಕರ್ಪೂರ ಉರಿಸುತ್ತ ಒಬ್ಬ ಎತ್ತರದ ಮನುಷ್ಯ ಬಗ್ಗಿ ನಿಂತಿರುತ್ತಿದ್ದರು. ತಲೆಯ ಮೇಲೆ ಗೊಂಡೆಯ ಕೆಂಪು ತುರ್ಕಿ ಟೋಪಿ, ಮೊಣಕೈಯಲ್ಲಿ ಸವೆದು ಮಿರುಗುವ ಕರಿ ಕೋಟು, ಬಲಗೈಯ ಎರಡು ಬೆರಳಿಗೆ ಸದಾ ಮಸಿ. ಕಳೆದ ವಾರ ಬಾಗಲಕೋಟೆಯಿಂದ ಬಂದ ಬಣ್ಣದ ವ್ಯಾಪಾರಿಯೊಬ್ಬ ಮಾತಿನ ನಡುವೆ, ‘ನಿಮ್ಮ ಡಾಕ್ಟರ್ ಸಾಹೇಬ್ರು ಹೋಗಿಬಿಟ್ರಲ್ರಿ ಬಾಯಾರ, ನಿಮಗ ಗೊತ್ತಿಲ್ಲೇನು?’ ಎಂದ. ಹೋಗಿ ತಿಂಗಳ ಮೇಲಾಗಿತ್ತಂತೆ. ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಒಂದು ಕಾರ್ಡು ಗೀಚಿ ಹಾಕುವುದಕ್ಕೆ ಅವರ ಮನೆಯವರಿಗೆ ಏನಾಗಿತ್ತು? ಅಳು ಆಮೇಲೆ ಬಂತು, ವ್ಯಾಪಾರಿ ಎದ್ದು ಹೋದ ಮೇಲೆ, ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದವಾಖಾನೆಯ ಬಾವಿಗೆ ಕಟ್ಟೆ ಕಟ್ಟಿಸಿದ್ದು ಅವರ ಓಡಾಟದಿಂದ. ಊರ ಹಿರಿಯರು ಆ ಕಲ್ಲಿಗೆ ಅವರ ಹೆಸರು ಕೆತ್ತಿಸಲು ಹೊರಟಾಗ, ‘ನೀರು ಸೇದಾಕ ಬಂದವರಿಗೆ ನನ್ನ ಹೆಸರು ತಗೊಂಡು ಏನಾಗಬೇಕಾಗೇತ್ರಿ?’ ಎಂದು ಜಗಳವನ್ನೇ ತೆಗೆದಿದ್ದರು. ಕಲ್ಲಿನ ಮೇಲೆ ಬೇಡವೆಂದವರು ಕಾಗದದ ಮೇಲೆ ಬೇಕೆನ್ನುವವರಲ್ಲ. ನಮಗೆಲ್ಲ ಅವರು ಡಾಕ್ಟರ್ ಸಾಹೇಬರು, ಬೆನ್ನ ಹಿಂದೆ ಮಸಿ ಸಾಹೇಬರು. ಅಜ್ಜ ಮುತ್ತಜ್ಜನ ಕಾಲದಿಂದ ಬಾಗಲಕೋಟೆಯವರೇ. ಮನೆಯಲ್ಲಿ ಉರ್ದು, ಹೊರಗೆ ನಮ್ಮಂಥದೇ ಕನ್ನಡ, ಸಿಟ್ಟು ನೆತ್ತಿಗೇರಿದಾಗ ಮಾತ್ರ ಕಚೇರಿಯ ಮರಾಠಿ. ಅವರ ಬಾಯಲ್ಲಿ ಮರಾಠಿ ಬಂತೆಂದರೆ ನಾನು ಔಷಧಿ ಕೋಣೆ ಸೇರಿಕೊಳ್ಳುತ್ತಿದ್ದೆ.

ನಾನು ಹುನಗುಂದದ ಕಡೆಯವಳು. ಗಂಡ ಪ್ಲೇಗಿನಲ್ಲಿ ಹೋದ. ತವರಿನಲ್ಲಿ ಅಣ್ಣ ಎನ್ನುವವನಿರಲಿಲ್ಲ, ಅತ್ತೆಯ ಮನೆಯಲ್ಲಿ ನನ್ನ ಮುಖ ನೋಡಬೇಕೆನ್ನುವವರಿರಲಿಲ್ಲ. ಧಾರವಾಡಕ್ಕೆ ಹೋಗಿ ನರ್ಸಿನ ಕೆಲಸ ಕಲಿತು ಇಳಕಲ್ಲಿಗೆ ಬಂದೆ. ಬಂದ ದಿನ ಸಾಹೇಬರು ನನ್ನ ಊರು, ಮನೆತನ ಏನೂ ಕೇಳಲಿಲ್ಲ. ‘ನಿಮಗ ಕೈ ನಡಗತಾವೇನ್ರಿ?’ ಎಂದು ಕೇಳಿದರು. ಇಲ್ಲವೆಂದೆ. ‘ಹಂಗಾರ ಈ ತಟ್ಟಿ ಹಿಡೀರಿ’ ಎಂದು ಉರಿಯುವ ಕರ್ಪೂರದ ತಟ್ಟೆಯನ್ನು ಕೈಗೆ ಕೊಟ್ಟರು. ದವಾಖಾನೆಗೆ ಬಂದೆನೋ ಮಠಕ್ಕೆ ಬಂದೆನೋ ಎಂದು ನನಗೆ ಅನುಮಾನವಾಯಿತು.

ಆ ಕರ್ಪೂರದ ಕಥೆ ಹೇಳಬೇಕು. ಅವರ ಬಳಿ ಅಂಗೈಯಲ್ಲಿ ಹಿಡಿಸುವಂಥ ಒಂದು ಯಂತ್ರವಿತ್ತು. ಬಾದಾಮಿಯಲ್ಲಿದ್ದಾಗ, ವಿಲಾಯತಿಗೆ ಮರಳುತ್ತಿದ್ದ ಇಂಗ್ಲಿಷ್ ಡಾಕ್ಟರೊಬ್ಬ ಸಾಮಾನು ಕಟ್ಟುತ್ತ, ಇದೊಂದು ಆಟಿಕೆ, ಬೇಕಾದರೆ ಇಟ್ಟುಕೋ ಎಂದು ಕೊಟ್ಟದ್ದಂತೆ. ಗಡಿಯಾರದಂತೆ ಕೀಲಿ ಕೊಡುವ ಪೆಟ್ಟಿಗೆ. ಅದನ್ನು ಚರ್ಮದ ಪಟ್ಟಾದಿಂದ ರೋಗಿಯ ಮಣಿಕಟ್ಟಿಗೆ ಬಿಗಿಯುವುದು. ಕೆಳಗಿನ ಗುಂಡಿ ನಾಡಿಯ ಮೇಲೆ ಕೂರುತ್ತಿತ್ತು, ನಾಡಿ ಮಿಡಿದಂತೆ ಮೇಲಿನ ಸಣ್ಣ ಸೂಜಿ ಏಳುತ್ತಿತ್ತು, ಬೀಳುತ್ತಿತ್ತು. ಸೂಜಿಯ ಕೆಳಗೆ ಒಂದು ಕಾಗದದ ಪಟ್ಟಿ ತಾನಾಗಿ ಸರಿಯುತ್ತಿತ್ತು. ಆ ಪಟ್ಟಿಗೆ ಮೊದಲೇ ಕರ್ಪೂರದ ಹೊಗೆ ಹಿಡಿಸಿ ಮಸಿ ಕಟ್ಟಿಸಿರಬೇಕು. ಸೂಜಿ ಆ ಮಸಿಯನ್ನು ಕೆರೆದುಕೊಂಡು ಹೋದ ದಾರಿಯೇ ಬಿಳಿ ಗೆರೆ. ಆಮೇಲೆ ಮಸಿ ಅಳಿಯದಂತೆ ಅರಗು ಕರಗಿಸಿದ ಸ್ಪಿರಿಟ್ಟಿನಲ್ಲಿ ಪಟ್ಟಿಯನ್ನು ಅದ್ದಿ, ಕಿಟಕಿಗೆ ಕಟ್ಟಿದ ದಾರಕ್ಕೆ ಸಿಕ್ಕಿಸಿ ಒಣಗಿಸುತ್ತಿದ್ದರು. ಗಾಳಿ ಬೀಸಿದರೆ ಊರ ಮಂದಿಯ ನಾಡಿಗಳೆಲ್ಲ ಒಟ್ಟಿಗೆ ಅಲ್ಲಾಡುತ್ತಿದ್ದವು. ಈಗ ದೊಡ್ಡ ಶಹರಗಳಲ್ಲಿ ಕರೆಂಟಿನಿಂದ ಎದೆಯ ಬಡಿತವನ್ನೇ ಬರೆಯುವ ಯಂತ್ರ ಬಂದಿದೆಯಂತೆ. ನಮಗಿದ್ದದ್ದು ಕರ್ಪೂರ, ಕೀಲಿ, ಸೂಜಿ.

ದವಾಖಾನೆಯ ಕರ್ಪೂರವೆಲ್ಲ ಹೀಗೆ ಹೊಗೆಯಾಗುವುದನ್ನು ನೋಡಿ ನಾನು ಗೊಣಗುತ್ತಿದ್ದೆ. ಊರ ಹೆಂಗಸರಿಗೆ ಮಾತ್ರ ಅದು ಬಹಳ ಸೇರಿತ್ತು. ಕರ್ಪೂರ ಹಚ್ಚಿ ಪೆಟ್ಟಿಗೆಯನ್ನು ಹೊರತೆಗೆಯುವ ಸಾಹೇಬರನ್ನು ಕಂಡು, ಒಬ್ಬ ಮುದುಕಿ ಒಮ್ಮೆ ಆ ಪೆಟ್ಟಿಗೆಗೆ ಕೈಮುಗಿದು ಎರಡು ಹೂವನ್ನೂ ಏರಿಸಿದಳು. ‘ಯಮ್ಮಾ, ಇದು ದೇವರಲ್ಲ, ಪೆಟ್ಟಿಗಿ’ ಎಂದರು ಸಾಹೇಬರು. ‘ಇರ್ಲಿ ಬಿಡಪ್ಪಾ, ಪೆಟ್ಟಿಗ್ಯಾಗ ಇರಬಾರದಂತ ಏನೈತಿ ಅವಗ’ ಎಂದಳು ಆಕೆ. ಸಾಹೇಬರು ಆ ಮಾತನ್ನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದರು. ಶುಕ್ರವಾರದ ನಮಾಜಿಗೆ ಹೊರಡುವ ಮೊದಲು ಬಾವಿಯ ಹತ್ತಿರ ಕೂತು ಹುಣಸೆಹಣ್ಣು ಹಚ್ಚಿ ಬೆರಳು ತಿಕ್ಕುತ್ತಿದ್ದರು. ‘ತಾಂಬ್ರದ ತಂಬಿಗಿ ಬೆಳಗಿದಂಗ ಬೆಳಗಾಕತ್ತೀರಲ್ರಿ’ ಎಂದು ನಾನು ಕೆಣಕಿದರೆ, ‘ಇದು ಬರೇ ಮಸಿ ಅಂತ ಮ್ಯಾಲಿನಾಂವಗ ಗೊತ್ತೈತ್ರಿ ಬಾಯಾರ, ಬಾಜೂಕ ನಿಂತಾಂವಗ ಗೊತ್ತಿಲ್ಲ’ ಎನ್ನುತ್ತಿದ್ದರು.

ಎಚ್ಚರವಿದ್ದ ರೋಗಿಗಳ ಹತ್ತಿರ ಅವರದು ಒರಟು ಬಾಯಿ. ‘ಬೀಡಿ ಬಿಡಲೇ ಅಂದ್ರ ಎಲಿ ಅಡಿಕಿ ಹಚ್ಚೀದೇನ? ಎದ್ದು ನಡಿ’ ಎಂದು ಓಡಿಸಿಬಿಡುವರು. ಆದರೆ ಎಚ್ಚರ ತಪ್ಪಿದವರು ಬಂದರೆ ಮನುಷ್ಯನೇ ಬೇರೆಯಾಗುತ್ತಿದ್ದರು. ಎಂಥ ಬಡವನಿರಲಿ, ‘ರೀ’ ಹಚ್ಚಿ ಮಾತಾಡಿಸುವರು. ಪೆಟ್ಟಿಗೆಯ ತಣ್ಣನೆಯ ಲೋಹವನ್ನು ತಮ್ಮ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ, ‘ಕೈ ಹಿಡೀತೇನ್ರಿ, ಸ್ವಲ್ಪ ಬಿಗೀತೈತಿ’ ಎಂದು ಹೇಳಿ, ಆಮೇಲೆ ಪಟ್ಟಾ ಕಟ್ಟುವರು. ಮೊದಮೊದಲು ನನಗೆ ನಗು ಬರುತ್ತಿತ್ತು. ‘ಅವರಿಗೆ ಕೇಳಸತೈತೇನ್ರಿ?’ ಎಂದರೆ, ‘ಕೇಳಸೂದಿಲ್ಲಂತ ನಿಮಗ ಯಾರು ಹೇಳ್ಯಾರ?’ ಎಂದು ಮರುಪ್ರಶ್ನೆ. ಉಳಿದವರು ತಮ್ಮ ಬೇನೆಯನ್ನು ತಾವೇ ಹೇಳಿಕೊಳ್ಳುತ್ತಾರೆ, ಹೆಚ್ಚುಕಡಿಮೆ ಹೇಳಿದರೂ ಹೇಳುತ್ತಾರೆ, ಇವರಿಗೆ ಬಾಯಿಲ್ಲ, ಇವರ ಪರವಾಗಿ ಮಾತಾಡಲು ಮಣಿಕಟ್ಟೊಂದೇ ಇದೆ ಎಂದು ಅವರ ವಾದ. ಬಾದಾಮಿಯಲ್ಲಿ ಒಮ್ಮೆ ಬನಶಂಕರಿಗೆ ನಡೆದು ಹೊರಟಿದ್ದ ಒಬ್ಬನನ್ನು ದಾರಿಯಿಂದ ಎತ್ತಿ ತಂದಿದ್ದರಂತೆ. ತಂದವರೆಲ್ಲ ಕುಡಿದಿದ್ದಾನೆ, ನೆರಳಿಗೆ ಹಾಕಿದರೆ ತಾನೇ ಏಳುತ್ತಾನೆ ಎಂದರಂತೆ. ಪಟ್ಟಿ ನೋಡಿದರೆ ಗೆರೆ ಮೊನೆಮೊನೆಯಾಗಿ ಓಡುತ್ತಿತ್ತು. ಅದು ಬಿಸಿಲು ಹೊಡೆದ ಮೈ. ಮೈತುಂಬ ಹಸಿ ಬಟ್ಟೆ ಸುತ್ತಿ, ನೀರು ಹೊಯ್ಯುತ್ತ ಕೂತು ಉಳಿಸಿಕೊಂಡರಂತೆ. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಹೇಳಿದಾಗಲೆಲ್ಲ ಆ ಮನುಷ್ಯ ಕುಡಿಯುವವನೇ ಅಲ್ಲ ಎನ್ನುವುದನ್ನು ತಪ್ಪದೆ ಸೇರಿಸುತ್ತಿದ್ದರು.

ತಮ್ಮ ಸೋಲಿನ ಕಥೆಯನ್ನು ಇನ್ನೂ ಹೆಚ್ಚು ಖುಷಿಯಿಂದ ಹೇಳುತ್ತಿದ್ದರು. ಮರೋಳದಿಂದ ಎಚ್ಚರ ತಪ್ಪಿದ ಒಬ್ಬ ಮುದುಕನನ್ನು ಚಕ್ಕಡಿಯಲ್ಲಿ ಕರೆತರುತ್ತಿದ್ದೆವು. ನಾನೂ ಜೊತೆಗಿದ್ದೆ. ಸಾಹೇಬರಿಗೆ ತಡೆಯಲಾಗಲಿಲ್ಲ, ಚಕ್ಕಡಿ ಹೋಗುತ್ತಿದ್ದಂತೆಯೇ ಪಟ್ಟಿ ತೆಗೆದರು. ಗೆರೆಯಲ್ಲಿ ಆಗಾಗ ಒಂದು ದೊಡ್ಡ ಜಿಗಿತ. ಮುಖ ಸಣ್ಣಗೆ ಮಾಡಿಕೊಂಡು ಮುದುಕನ ಮಗನಿಗೆ, ‘ಎದಿ ದಾರಿ ತಪ್ಪೇತಪ್ಪಾ, ಧೈರ್ಯ ತಗೋ’ ಎಂದರು. ಮಗ ಅಳತೊಡಗಿದ. ಎತ್ತಿಗೆ ನೀರು ಕುಡಿಸಲು ನಿಂತಾಗ ಇನ್ನೊಂದು ಪಟ್ಟಿ ತೆಗೆದರೆ ಏರುಗಳೆಲ್ಲ ಒಂದೇ ಸಮ, ಚೊಕ್ಕ. ಸಾಹೇಬರು ಕೆಳಗಿಳಿದು ಹೋಗಿ ಗಾಲಿ ನೋಡಿದರು. ಗಾಲಿಗೆ ಸುತ್ತಿದ ಕಬ್ಬಿಣದ ಹಳಿ ಒಂದು ಕಡೆ ಎದ್ದಿತ್ತು. ಗಾಲಿ ಸುತ್ತಿದಾಗಲೊಮ್ಮೆ ಚಕ್ಕಡಿ ಕುಕ್ಕುತ್ತಿತ್ತು. ‘ಬಾಯಾರ, ನಾ ಗಾಲಿ ನಾಡಿ ನೋಡೀನ್ರಿ’ ಎಂದು ರಸ್ತೆಯಲ್ಲೇ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಮಗನ ಹತ್ತಿರ ಹೋಗಿ, ‘ನಂದ ತಪ್ಪಪ್ಪಾ’ ಎಂದು ಕೈಮುಗಿದರು. ಅಂದಿನಿಂದ ಒಂದು ಪಟ್ಟಿಯನ್ನು ನಂಬುವುದನ್ನು ಬಿಟ್ಟರು. ಎರಡನೆಯದು ತೆಗೆಯುವಾಗ ಪಂಖಾ ಎಳೆಯುವಂತಿಲ್ಲ, ಹೊರಗೆ ಯಾರೂ ಓಡಾಡುವಂತಿಲ್ಲ, ನಾನಂತೂ ಉಸಿರನ್ನೂ ಕೇಳಿಯೇ ಬಿಡಬೇಕು.

ಪಟ್ಟಿ ಓದುವುದನ್ನು ನನಗೂ ಕಲಿಸಿದರು. ಕಲಿಸಿದರು ಎಂದರೆ, ಒಣಗಿದ ಪಟ್ಟಿಯನ್ನು ಮೂಗಿನ ಮುಂದೆ ಹಿಡಿದು, ‘ಹೇಳ್ರಿ’ ಎನ್ನುವುದು. ಏರು ಕಡಿದಾಗಿದೆಯೋ ಸಾವಕಾಶವೋ, ಇಳಿಯುವಾಗ ನಡುವೆ ತಂಗಿದೆಯೋ, ಒಂದು ಏರಿಗೂ ಇನ್ನೊಂದಕ್ಕೂ ನಡುವೆ ಎಷ್ಟು ಬಯಲಿದೆ, ಎಲ್ಲ ಬಯಲೂ ಒಂದೇ ಅಳತೆಯವೋ. ಇವಿಷ್ಟನ್ನು ನೋಡಬೇಕು. ಆದರೆ ಅದಕ್ಕೆ ಮೊದಲು ಬೆರಳಿಟ್ಟು, ಕಣ್ಣು ಮುಚ್ಚಿ, ಏನನ್ನಿಸುತ್ತದೆಂದು ಬಾಯಿಬಿಟ್ಟು ಹೇಳಿರಬೇಕು. ಬೆರಳು ಹೇಳಿದ್ದಕ್ಕೂ ಪಟ್ಟಿ ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಅವರಿಗೆ ಹಬ್ಬ. ತಾಳೆಯಾದರೆ ಸಪ್ಪಗಾಗಿಬಿಡುತ್ತಿದ್ದರು.

ಉಳಿಯದೆ ಹೋದವರೂ ಇದ್ದರು, ಬೇಕಾದಷ್ಟು ಮಂದಿ. ಗೆರೆ ತಗ್ಗುತ್ತ ತಗ್ಗುತ್ತ ಬಯಲೇ ಆಗಿಬಿಟ್ಟ ಪಟ್ಟಿಗಳನ್ನು ನಾನು ಕಂಡಿದ್ದೇನೆ. ಅಂಥ ದಿನ ಅವರು ಪಟ್ಟಾ ಬಿಚ್ಚಿದ ಮೇಲೂ ಆ ಕೈಯನ್ನು ಕೂಡಲೇ ಕೆಳಗಿಡುತ್ತಿರಲಿಲ್ಲ. ಊಟ ಬಿಡುತ್ತಿದ್ದರು. ಅವರ ಬೀಬಿ ನನಗೆ ಹೇಳಿಕಳಿಸುವರು, ನಾನು ಹೋಗಿ ಬಯ್ಯುವೆ, ನನ್ನ ಬೈಗುಳಕ್ಕೆ ಎರಡು ತುತ್ತು ತಿನ್ನುವರು. ನನಗೆ ಅಣ್ಣನಿರಲಿಲ್ಲ ಎಂದೆನಲ್ಲ, ಆ ಊರಿನಲ್ಲಿ ಆ ಕೊರತೆ ನನಗೆ ಕಾಣಲಿಲ್ಲ.

ಇಷ್ಟೆಲ್ಲ ಬರೆದರೂ ಅವರು ಎಂಥವರೆಂದು ಹೇಳಿದಂತಾಗಲಿಲ್ಲ. ಒಂದು ದಿನದ ಸಂಗತಿ ಹೇಳುತ್ತೇನೆ.

ಯುಗಾದಿ ಮುಗಿದು ಬಿಸಿಲು ಬಲಿತಿತ್ತು. ಮುಂಜಾನೆಯ ಹೊತ್ತಿಗೆ ನೇಕಾರರ ಓಣಿಯವರು ಒಬ್ಬ ತರುಣನನ್ನು ಹೊರಸಿನ ಮೇಲೆ ಹೊತ್ತು ತಂದರು. ಮಗ್ಗದ ಮುಂದೆ ಕೂತವನು ಹಾಗೇ ಮುಂದಕ್ಕೆ ಬಿದ್ದನಂತೆ. ಹಣೆ ಮರಕ್ಕೆ ಬಡಿದು ಒಡೆದಿತ್ತು. ವಾಂತಿಯೂ ಆಗಿತ್ತು. ಕೂಗಿದರೆ ಓ ಎನ್ನುತ್ತಿರಲಿಲ್ಲ. ಹಿಂದೆಯೇ ಅವನ ತಾಯಿ, ಮೊಣಕಾಲು ಬೇನೆಯ ಮುದುಕಿ, ಕೋಲೂರಿಕೊಂಡು ಅಳುತ್ತ ಬಂದಳು. ಪೆಟ್ಟು ತಲೆಗೇ ಬಿದ್ದಿದೆ, ಬಾಗಲಕೋಟೆಗೆ ಒಯ್ದು ಅಲ್ಲಿಂದ ರೈಲಿನಲ್ಲಿ ದೊಡ್ಡ ದವಾಖಾನೆಗೆ ಸಾಗಿಸಬೇಕು ಎಂದು ಓಣಿಯವರು ಆಗಲೇ ನಿರ್ಧರಿಸಿದ್ದರು. ಬಾಗಿಲಲ್ಲಿ ಚಕ್ಕಡಿ ಹೂಡಿ ನಿಲ್ಲಿಸಿದ್ದರು.

ಸಾಹೇಬರು ನಾಡಿಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದರು. ‘ಭಾಳ ಸಾವಕಾಶ ಐತಿ. ಆದ್ರ ಒಂದ ಸಮ ಐತಿ. ತಲಿಯೊಳಗ ರಗತ ಕಟ್ಟಿದ್ರ ಹಿಂಗ ಇರ್ತೈತಿ’ ಎಂದರು. ನಾನೂ ಬೆರಳಿಟ್ಟೆ. ನನಗೂ ಹಾಗೆಯೇ ಅನ್ನಿಸಿತು. ಆಮೇಲೆ ಪೆಟ್ಟಿಗೆ ಕಟ್ಟಿದರು. ಪಟ್ಟಿ ಹೊರಗೆ ಬಂದಾಗ ನಾವಿಬ್ಬರೂ ಬಗ್ಗಿ ನೋಡಿದೆವು. ಪ್ರತಿಯೊಂದು ದೊಡ್ಡ ಏರಿನ ಬೆನ್ನಿಗೇ ಒಂದು ಸಣ್ಣ ಏರು, ಆಮೇಲೆ ಉದ್ದನೆಯ ಬಯಲು. ಮತ್ತೆ ದೊಡ್ಡದು, ಸಣ್ಣದು, ಬಯಲು. ಸಾಹೇಬರು ಎಲ್ಲರನ್ನೂ ಹೊರಗೆ ಕಳಿಸಿ, ಪಂಖಾ ನಿಲ್ಲಿಸಿ, ಇನ್ನೊಂದು ಪಟ್ಟಿ ತೆಗೆದರು. ಅದೂ ಅದನ್ನೇ ಹೇಳಿತು.

‘ಈ ಸಣ್ಣ ಬಡಿತ ಬೆರಳಿಗೆ ಸಿಗೂದಿಲ್ರಿ ಬಾಯಾರ. ಅದಕ್ಕ ನಮಗ ಒಂದ ಸಮ ಅನಿಸ್ತು’ ಎಂದು ಮೆಲ್ಲಗೆ ಹೇಳಿದರು. ‘ತಲಿ ಪೆಟ್ಟಿನ ನಾಡಿ ಹಿಂಗ ಜೋಡಿ ಜೋಡಿ ಬಡಿಯೂದಿಲ್ಲ. ಎದಿ ರೋಗಕ್ಕ ಕೊಡೂ ವಿಲಾಯತಿ ಔಷಧ ಹೆಚ್ಚಾದ್ರ ಹಿಂಗ ಬಡೀತೈತಿ. ಬಾದಾಮ್ಯಾಗ ಒಮ್ಮಿ ನೋಡೀನಿ. ಆ ಔಷಧದ ವಿಲಾಯತಿ ಗಿಡ ನಮ್ಮಲ್ಲಿ ಇಲ್ಲ. ಆದ್ರ ಅದರಂಗ ಮಾಡೂ ಗಿಡ ಇಲ್ಲಿ ಹಿತ್ತಲಕ್ಕೊಂದು ಐತಿ.’

‘ಕಣಗಲೇನ್ರಿ?’ ಎಂದೆ.

ತಲೆಯಾಡಿಸಿದರು. ಈಗ ಏನು ಮಾಡುವುದು ಎನ್ನುವುದೇ ಪೇಚು. ಹೊಟ್ಟೆಯಲ್ಲಿ ಕಣಗಿಲೆಯ ವಿಷವಿದ್ದರೆ ನಳಿಕೆ ಇಳಿಸಿ ತೊಳೆಯಬೇಕು, ಮನುಷ್ಯನನ್ನು ಅಲ್ಲಾಡಿಸಬಾರದು. ಆ ಚಕ್ಕಡಿಯಲ್ಲಿ ಹಾಕಿದರೆ ಊರ ಬಾಗಿಲು ದಾಟುವುದರೊಳಗೆ ಎದೆ ನಿಲ್ಲುತ್ತದೆ. ವಿಷವಲ್ಲದೆ ತಲೆಯೊಳಗೇ ರಕ್ತ ಕಟ್ಟಿದ್ದರೆ, ನಳಿಕೆ ಇಳಿಸುವಾಗಿನ ತಿಣುಕಾಟವೇ ಅವನನ್ನು ಕೊಲ್ಲುತ್ತದೆ. ‘ಪಟ್ಟಿ ಅರ್ಧಾ ಹೇಳೇತಿ. ಅಂವ ಏನ್ ಕುಡದಾನ ಅನ್ನೂದು ಯಾರರೆ ಹೇಳಬೇಕು. ಗಾಲಿ ಕಥಿ ನೆನಪೈತಲ್ರಿ?’ ಎಂದರು. ನಗಲಿಲ್ಲ.

ತಾಯಿಯನ್ನು ಕೇಳಿದರು. ರೊಟ್ಟಿ ತಿಂದಿದ್ದ, ಮತ್ತೇನಿಲ್ಲ, ತಾನು ಗುಡಿಗೆ ಹೋಗಿದ್ದೆ ಎಂದಳು. ವಿಷ ಎಂಬ ಶಬ್ದವನ್ನು ಸಾಹೇಬರು ಬಾಯಿಂದ ಹೊರಡಿಸಲಿಲ್ಲ. ಪಡಸಾಲೆಯ ತುಂಬ ಜನ. ಆ ಶಬ್ದ ಹೊರಬಿದ್ದರೆ ಯಾರು ಹಾಕಿದರು ಎಂದು ಮೊದಲು ಹುಡುಕುವರು, ರೋಗಿಯನ್ನು ಆಮೇಲೆ ನೋಡುವರು.

ಕಿಟಕಿಯಿಂದ ಹೊರಗೆ ನೋಡಿದ ಸಾಹೇಬರು, ‘ಆ ಬೇವಿನ ಗಿಡದ ಬುಡಕ ನಿಂತಾಕಿ ಯಾರ್ರಿ?’ ಎಂದು ಕೇಳಿದರು. ಎಲ್ಲರಿಂದ ದೂರ, ಸೆರಗು ಮುಖದ ಮೇಲೆಳೆದುಕೊಂಡು ಒಬ್ಬ ಹುಡುಗಿ ನಿಂತಿದ್ದಳು. ಅವನ ಹೆಂಡತಿ. ಹೊರಗಾಗಿದ್ದಳು, ಆದ್ದರಿಂದ ಯಾರನ್ನೂ ಮುಟ್ಟುವಂತಿರಲಿಲ್ಲ, ಒಳಗೆ ಬರುವಂತಿರಲಿಲ್ಲ. ಹೊರಸಿನ ಹಿಂದೆ ಅಷ್ಟು ದೂರದಲ್ಲಿ ನಡೆದುಕೊಂಡು ಬಂದಿದ್ದಳು. ಪಡಸಾಲೆಯಲ್ಲಿ ಒಬ್ಬಳು ಇನ್ನೊಬ್ಬಳಿಗೆ, ‘ಗಂಡ ಹೋಗಾಕತ್ತಾನ, ಕಣ್ಣಾಗ ಒಂದ್ ಹನಿ ನೀರಿಲ್ಲ ನೋಡ’ ಎನ್ನುವುದು ನನಗೆ ಕೇಳಿಸಿತು. ನಾನು ಹೋಗಿ ಆಕೆಯನ್ನು ಕೇಳಿದೆ. ನೆಲ ನೋಡುತ್ತ ತಲೆಯಲ್ಲಾಡಿಸಿದಳು, ಅಷ್ಟೇ. ಭುಜ ಹಿಡಿದು ಕೇಳಿದೆ.

‘ಏನೂ ಹೇಳವಲ್ಲಳ್ರಿ’ ಎಂದು ಬಂದು ಹೇಳಿದೆ.

ಸಾಹೇಬರು ಮತ್ತೊಮ್ಮೆ ಕಿಟಕಿಯಿಂದ ಆಕೆಯನ್ನು ನೋಡಿದರು. ಆಮೇಲೆ, ‘ಒಳಗ ಕರಕೊಂಡ ಬರ್ರಿ. ಪಟ್ಟಿ ತಗಿಯೂ ಮುಂದ ಕೈ ಹಿಡಿಯಾಕ ಒಬ್ರು ಬೇಕು ನನಗ’ ಎಂದರು. ಪಟ್ಟಾ ಬಿಗಿದ ಮೇಲೆ ಆ ಪೆಟ್ಟಿಗೆಗೆ ಯಾರೂ ಕೈ ಹಿಡಿಯಬೇಕಾಗಿರಲಿಲ್ಲ. ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಹೋಗಿ ಆಕೆಯ ಕೈ ಹಿಡಿದು ಕರೆತಂದೆ.

ಬಾಗಿಲಲ್ಲಿ ಅತ್ತೆ ಕೋಲು ಅಡ್ಡ ಹಿಡಿದಳು. ‘ಆಕಿ ಹೊರಗ ಆಗ್ಯಾಳ್ರಿ. ಇಂಥಾ ಹೊತ್ತಿನ್ಯಾಗ ಆಕಿ ಕೈ ಅವಗ ತಾಕಬಾರದು.’

‘ಯಮ್ಮಾ, ಇದು ದವಾಖಾನಿ. ಇಲ್ಲಿ ನಾವು ಬೆಳಗಾದ್ರ ಮುಟ್ಟೂದ ರಗತ. ದೋಷ ಏನರೆ ಇದ್ರ ನನ್ನ ಮ್ಯಾಲ ಇರ್ಲಿ, ಆಕೀನ್ನ ಬಿಡ್ರಿ’ ಎಂದರು ಸಾಹೇಬರು. ಮರಾಠಿ ಬರಲಿಲ್ಲ. ಅಷ್ಟು ಮೆತ್ತಗಿನ ದನಿಯನ್ನು ನಾನು ಎಚ್ಚರವಿದ್ದವರ ಮುಂದೆ ಕೇಳಿರಲಿಲ್ಲ. ಮುದುಕಿ ಕೋಲು ಇಳಿಸಿದಳು, ಆದರೆ ಹೊಸ್ತಿಲು ದಾಟದೆ ಅಲ್ಲೇ ಕೂತಳು.

ಸಾಹೇಬರು ಪೆಟ್ಟಿಗೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿದರು. ‘ತಮ್ಮಾ, ನಿಮ್ಮ ಮನಿಯಾಕಿ ಬಂದಾಳ್ರಿ, ಕೈ ಕೊಡ್ರಿ’ ಎಂದು ಆ ಮಲಗಿದವನಿಗೆ ಹೇಳಿ ಪಟ್ಟಾ ಕಟ್ಟಿದರು. ಹುಡುಗಿಯ ಕೈಯನ್ನು ಅವನ ಅಂಗೈಯ ಕೆಳಗಿಡಿಸಿದರು. ‘ನನ್ನ ಮುಖಾ ನೋಡಬ್ಯಾಡವಾ, ಆ ಸೂಜಿ ನೋಡು’ ಎಂದರು.

ಆಕೆ ನೋಡಿದಳು. ಸೂಜಿ ಎದ್ದಿತು, ಬೆನ್ನಿಗೇ ಸಣ್ಣಗೆ ಮತ್ತೊಮ್ಮೆ ಎದ್ದಿತು, ನಿಂತಿತು. ಮತ್ತೆ ಎದ್ದಿತು.

‘ಇದು ಏನ್ರಿ?’ ಎಂದಳು. ಅದೇ ಆಕೆಯ ಮೊದಲ ಮಾತು.

‘ಅವನ ಎದಿ ಬಡಿಯೂದವಾ.’

‘ಜೀವ ಐತೇನ್ರಿ?’

‘ಐತಿ. ನೀನ ನೋಡಾಕತ್ತೀಯಲ್ಲ.’

ಆಗ ಆಕೆ ಅತ್ತಳು. ಅವನು ಮಗ್ಗದ ಮುಂದೆ ಬಿದ್ದಾಗಲೇ ಹೋದ ಎಂದುಕೊಂಡಿದ್ದಳಂತೆ. ಹತ್ತಿರ ಹೋಗಿ ಮುಟ್ಟಿ ನೋಡುವಂತಿರಲಿಲ್ಲ, ಅತ್ತೆ ಹಾಡಿಕೊಂಡು ಅಳುವುದು ದೂರಕ್ಕೆ ಕೇಳುತ್ತಿತ್ತು. ಊರವರು ಹೊತ್ತು ತರುತ್ತಿದ್ದದ್ದು ಹೆಣವನ್ನೇ ಎಂದು ತಿಳಿದು ಆಕೆ ಹಿಂದೆ ಹಿಂದೆ ಬಂದಿದ್ದಳು. ಸತ್ತ ಮೇಲೆ ಹೇಳಿ ಏನು ಉಪಯೋಗ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದಳು.

‘ನಾ ಹಿತ್ತಲದಾಗ ಕುಂತಿದ್ದೆ ರೀ’ ಎಂದಳು, ಕಣ್ಣನ್ನು ಸೂಜಿಯಿಂದ ಕೀಳದೆ. ‘ಹೊಟ್ಟಿ ಕಡೀತೈತಿ, ಅಜವಾನದ ಕಷಾಯ ಎಲ್ಲೈತಿ ಅಂತ ಕೇಳಿದ್ರು. ನಾ ಒಳಗ ಹೋಗಿ ಕೊಡೂಹಂಗಿಲ್ಲ. ಗ್ವಾಡಿ ಮಾಡದಾಗ ಬಟ್ಟಲದಾಗ ಐತಿ, ತಗೊಂಡು ಕುಡೀರಿ ಅಂದೆ. ಅತ್ತಿ ಇನ್ನೊಂದು ಬಟ್ಟಲಾ ಅಲ್ಲೇ ಇಟ್ಟಾರ ಅನ್ನೂದು ನನಗ ಗೊತ್ತಿರಲಿಲ್ರಿ. ಬಾಯಿ ಒರಸಕೋತ ಬಂದು, ಭಾಳ ಕಹಿ ಮಾಡೀದಿ ಅಂದ್ರು. ಆಮ್ಯಾಲ ಅತ್ತಿ ಬಂದು ಮೊಳಕಾಲಿಗೆ ಹಚ್ಚೂದು ಎಲ್ಲಿ ಹೋತು ಅಂತ ಹುಡಕಿದ್ರು. ಆವಾಗ ತಿಳೀತು. ಹೇಳಬೇಕನ್ನೂದರೊಳಗ ಬಿದ್ದಬಿಟ್ರು.’

ಸಾಹೇಬರು ಹೊಸ್ತಿಲ ಕಡೆ ತಿರುಗಿದರು. ‘ಯಮ್ಮಾ, ಮೊಳಕಾಲಿಗೆ ಏನ್ ತೇದಿಟ್ಟಿದ್ರಿ?’

‘ಕಣಗಲ ಬೇರ್ರಿ’ ಎಂದಳು. ‘ಹಚ್ಚಿಕೊಳ್ಳಾಕ್ರಿ. ಕುಡಿಯಾಕಲ್ರಿ.’ ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದವಳನ್ನು ನಾನು ಹೋಗಿ ಹಿಡಿದೆ.

ಆಮೇಲಿನದು ಕೆಲಸ. ಹೂಡಿ ನಿಲ್ಲಿಸಿದ್ದ ಚಕ್ಕಡಿಯನ್ನು ಮರಳಿ ಕಳಿಸಿದೆವು. ನಳಿಕೆ ಇಳಿಸಿ, ಜಾಲಿಯ ಚಕ್ಕೆ ಕುದಿಸಿದ ನೀರಿನಿಂದ ಹೊಟ್ಟೆ ತೊಳೆದೆವು, ಸೂಜಿಮದ್ದು ಕೊಟ್ಟೆವು. ತಲೆ ಎತ್ತಿಸಬಾರದು, ದಿಂಬು ಇಡಬಾರದು, ಎಬ್ಬಿಸಬಾರದು ಎಂದು ಸಾಹೇಬರು ಕಾವಲು ನಿಂತರು. ಸುದ್ದಿ ಕೇಳಿ ಪೊಲೀಸ್ ಪಾಟೀಲ ಬಂದ. ‘ಮೊಳಕಾಲಿಗೆ ಹಚ್ಚೂ ಔಷಧ ತಿಳೀದ ಹೊಟ್ಟಿಗೆ ಹೋಗೇತಿ. ತಗೊಂಡಾಂವ ತಾನ ತಗೊಂಡಾನ. ಹಂಗ ಬರಕೊಂಡು ಹೋಗ್ರಿ’ ಎಂದು ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಂತೆ ಹೇಳಿದರು. ಅಲ್ಲಿ ಪಿಸುಗುಡುತ್ತಿದ್ದ ಹೆಂಗಸರ ಕಡೆಗೂ ತಿರುಗಿದರು. ‘ನನ್ನ ಪೆಟ್ಟಿಗಿ ಅರ್ಧಾ ಹೇಳಿತ್ತು. ಉಳಿದರ್ಧಾ ಆ ಹುಡುಗಿ ಹೇಳಿದ್ಲು. ಅಂವ ಉಳದ್ರ ಆಕಿ ಬಾಯಿ ಬಿಟ್ಟಿದ್ದಕ್ಕ ಉಳೀತಾನ. ಇದನ್ನ ಓಣ್ಯಾಗೂ ಹಿಂಗ ಹೇಳ್ರಿ, ಬ್ಯಾರೆ ಏನರೆ ಕೂಡಿಸಿ ಹೇಳಿದ್ದು ನನ್ನ ಕಿವಿಗೆ ಬಿದ್ರ ನೋಡ್ರಿ ಮತ್ತ.’ ಕೊನೆಯ ಮಾತಿನಲ್ಲಿ ಸ್ವಲ್ಪ ಮರಾಠಿಯೂ ಬೆರೆತಿತ್ತು.

ಉಳಿಯುತ್ತಾನೆಂದು ನಮಗೆ ಯಾರಿಗೂ ಖಾತ್ರಿ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಮ್ಮೆ ಸೂಜಿ ಏಳಲೇ ಇಲ್ಲ. ಪಟ್ಟಿ ಸರಿಯುತ್ತಲೇ ಇತ್ತು, ಗೆರೆ ಬಯಲಾಗಿ ಓಡುತ್ತಿತ್ತು. ಹುಡುಗಿ ಸಾಹೇಬರ ಮುಖ ನೋಡಿದಳು. ಅವರು ಆಕೆಯ ಕಡೆ ನೋಡಲಿಲ್ಲ, ತುಟಿ ಅಲ್ಲಾಡುತ್ತಿತ್ತು, ಏನೋ ಓದಿಕೊಳ್ಳುತ್ತಿದ್ದರು. ನಾನೂ ಬಸವಣ್ಣ ಬಸವಣ್ಣ ಎಂದುಕೊಂಡೆ. ಸೂಜಿ ಎದ್ದಿತು.

ಬಿಸಿಲು ಇಳಿಯುವ ಹೊತ್ತಿಗೆ ಕಿಟಕಿಯ ದಾರದ ತುಂಬ ಅವನ ಪಟ್ಟಿಗಳೇ ಆಗಿದ್ದವು. ಮೊದಲಿನವುಗಳಲ್ಲಿ ಪ್ರತಿ ಏರಿಗೂ ಜೋಡಿಯಾಗಿ ಸಣ್ಣದೊಂದು ಇತ್ತು. ಆಮೇಲೆ ಅಲ್ಲೊಂದು ಇಲ್ಲೊಂದು. ಕೊನೆಯ ಪಟ್ಟಿಯಲ್ಲಿ ಸಣ್ಣ ಏರುಗಳೇ ಇರಲಿಲ್ಲ. ಸಾಹೇಬರು ಅದನ್ನು ನನ್ನ ಮೂಗಿನ ಮುಂದೆ ಹಿಡಿದು, ‘ಹೇಳ್ರಿ’ ಎಂದರು. ‘ಈಗ ಖರೇನ ಒಂದ ಸಮ ಐತ್ರಿ’ ಎಂದೆ.

ಅವನು ಕಣ್ಣು ತೆರೆದು ನೀರು ಕೇಳಿದ. ನಾನು ಹತ್ತಿಯಿಂದ ತುಟಿ ಒದ್ದೆ ಮಾಡಿದೆ. ಕತ್ತು ಹೊರಳಿಸಿ ಪಕ್ಕದಲ್ಲಿ ಕೂತವಳನ್ನು ನೋಡಿದ. ಮುಂಜಾನೆ ಸಾಹೇಬರು ಇಡಿಸಿದ ಕೈಯನ್ನು ಆಕೆ ಇಡೀ ದಿನ ತೆಗೆದಿರಲಿಲ್ಲ. ನೀರಿಲ್ಲ, ಕೂಳಿಲ್ಲ, ತೆಗೆದರೆ ಎಲ್ಲಿ ಸೂಜಿ ನಿಂತುಬಿಡುತ್ತದೋ ಎಂದು ಅಂಜಿಕೊಂಡು ಕೂತಿದ್ದಳು. ಅವನ ಬೆರಳುಗಳು ಮೆಲ್ಲಗೆ ಮಡಚಿ ಆಕೆಯ ಬೆರಳನ್ನು ಹಿಡಿದವು.

ಸಾಹೇಬರು ಪಟ್ಟಾ ಬಿಚ್ಚಿದರು. ‘ಆತವಾ, ಇನ್ನ ಕೈ ಬಿಡಬಹುದು’ ಎಂದರು.

ಹುಡುಗಿಗೆ ಆಗ ಎಚ್ಚರವಾದಂತಾಯಿತು. ಎಲ್ಲರೂ ನೋಡುತ್ತಿದ್ದಾರೆ, ಬಾಗಿಲಲ್ಲಿ ಅತ್ತೆ ಇದ್ದಾಳೆ, ತಾನು ಇನ್ನೂ ಹೊರಗಾದವಳು. ಸೆರಗು ಎಳೆದುಕೊಂಡು ಕೈ ಹಿಂದಕ್ಕೆ ತೆಗೆಯಹೋದಳು.

ಮುದುಕಿ ಮುಂಜಾನೆಯಿಂದ ದಾಟದಿದ್ದ ಹೊಸ್ತಿಲನ್ನು ಕೋಲೂರಿ ದಾಟಿ ಒಳಗೆ ಬಂದಳು. ಸೊಸೆಯ ಹತ್ತಿರ ನಿಂತು ಆಕೆಯ ತಲೆಯ ಮೇಲೆ ಕೈಯಿಟ್ಟಳು.

‘ಬಿಡಬ್ಯಾಡ’ ಎಂದಳು. ‘ಹಿಡಕೊಂಡ ಕುಂದರವಾ.’